ಗೋಡೆಗೆ ಹೇಳಿದ ಪಾಠ

ಪರದೆಯ ಮೇಲಿನ ಬಾಣ ಗಡಗಡ ನಡುಗುತ್ತಿತ್ತು. ನಕಯೀವಾ ಟೀಚರ್ ಮೌಸನ್ನು ಎಷ್ಟು ಬಿಗಿಯಾಗಿ ಹಿಡಿದರೂ ಅದು ಒಂದು ಕಡೆ ನಿಲ್ಲಲೊಲ್ಲದು. ಕಂಪ್ಯೂಟರ್ ಕಲಿಸಲು ಕಂಪಾಲಾದಿಂದ ಸ್ವಯಂಸೇವಕನಾಗಿ ಬಂದಿದ್ದ ಲುಬ್ವಾಮಾ ಉಳಿದ ಶಿಕ್ಷಕರಿಗೆಲ್ಲ ಕೈ ಹಿಡಿದು ತೋರಿಸಿದ್ದ. ಆಕೆಯ ಹತ್ತಿರ ಮಾತ್ರ ಸುಳಿಯಲಿಲ್ಲ. ಅವನು ಆಕೆಯ ಮಗಳ ಗಂಡ. ಅತ್ತೆ ಅಳಿಯ ಮೈ ಸೋಕಿದರೆ ನಡುಕದ ರೋಗ ಹತ್ತುತ್ತದೆಂದು ಉಗಾಂಡದ ಈ ಬುಗಾಂಡ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು.

"ಏನ್ ಟೀಚರಮ್ಮ, ಅಳಿಯಂದ್ರು ಸೋಕಿಬಿಟ್ರಾ? ನಡುಕ ಶುರುವಾಗಿದೆ," ಎಂದು ಪಕ್ಕದಲ್ಲಿದ್ದ ಕಗ್ವಾ ಮಾಸ್ತರರು ಕಿಚಾಯಿಸಿದರು. ಕೋಣೆಯೆಲ್ಲ ನಕ್ಕಿತು.

ಅತ್ತೆಯ ಜೊತೆ ನೇರ ಮಾತೂ ಸಲ್ಲದು; ಲುಬ್ವಾಮಾ ಗೋಡೆಯ ಕಡೆ ತಿರುಗಿ ನಿಂತ. "ಗೋಡೆಯಪ್ಪ, ಅತ್ತೆಯವರು ಮೊಣಕೈನ ಮೇಜಿಗೆ ಊರಲಿ. ಮಣಿಕಟ್ಟು ಮಾತ್ರ ಆಡಿಸಲಿ."

"ಗೋಡೆಯಪ್ಪ, ಕೇಳಿಸ್ತು ಅಂತ ಅಳಿಯಂದ್ರಿಗೆ ಹೇಳು," ಎಂದು ಆಕೆ ಮೊಣಕೈ ಊರಿದಳು. ಬಾಣ ಗುರಿ ತಪ್ಪಿತು. ನಗು ಇನ್ನೂ ನಿಂತಿರಲಿಲ್ಲ. ಹಲ್ಲು ಕಚ್ಚಿ ಮತ್ತೆ ಊರಿದಳು, ಮತ್ತೆ ತಪ್ಪಿತು. ಆಕೆ ಕೈ ತೆಗೆಯಲಿಲ್ಲ. ಕೊನೆಗೆ ಬಾಣ ನಿಂತಿತು, ಮೂರನೇ ತರಗತಿಯ ಪಾಠ ಪರದೆಯ ತುಂಬ ತೆರೆದುಕೊಂಡಿತು.

ಅಷ್ಟರಲ್ಲಿ ಹೊರಗೆ ಜನರೇಟರ್ ಕೆಮ್ಮತೊಡಗಿತು. ಲುಬ್ವಾಮಾ ಅತ್ತ ಓಡಿದ.

"ಹೋಗ್ಬೇಡ ಕಣಪ್ಪ, ನನ್ ಬಾಣ ಎಲ್ಲೋ ತಪ್ಪಿಸ್ಕೊಳ್ತು," ಎಂದು ಕಗ್ವಾ ಕೂಗಿದರು. ಹಿಡಿದು ತೋರಿಸುವವರಿಲ್ಲದೆ ಅವರ ಕೈ ಮೌಸಿನ ಮೇಲೆ ನಡುಗುತ್ತಿತ್ತು.

ನಕಯೀವಾ ಎದ್ದು ಹೋಗಿ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಮೊಣಕೈ ಊರಿ ಮಾಸ್ತರೇ. ಹೆದರ್ಬೇಡಿ, ನಾನೇನು ನಿಮ್ಮತ್ತೆ ಅಲ್ಲ."