ಕಟ್ಟಾಗದ ಕರೆ

“ಫೋನಿಟ್ಟುಬಿಟ್ಟೆ ಅಂತಾಳೆ! ನಾನು!” ಡ್ರೈವಿಂಗ್ ಸ್ಕೂಲಿನ ಮಾಸ್ತರು ಅಕ್ಕನ ಮೆಸೇಜನ್ನು ಹೆಂಡತಿಯ ಮೂಗಿಗೆ ತಾಗುವಂತೆ ಹಿಡಿದರು. ‘ಸೋಮವಾರ ನನಗೆ ಆಪರೇಷನ್. ಅಮ್ಮನ್ನ ಎರಡು ತಿಂಗಳು ಇಟ್ಕೋತೀಯಾ ಅಂತ ಕೇಳಿದಾಗೆಲ್ಲ ಫೋನ್ ಇಡ್ತೀಯ. ಆಗಲ್ಲ ಅನ್ನೋದಾದ್ರೆ ಬಾಯಿಬಿಟ್ಟು ಹೇಳು.’

ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವೆಂದು, ಇಂಟರ್ನೆಟ್ ಕಂಪನಿಯವರ ಮಾತು ಕೇಳಿ, ಕರೆಗಳೂ ವೈಫೈ ಮೇಲೆಯೇ ಬರುವಂತೆ ಮಾಡಿಕೊಂಡಂದಿನಿಂದ ಅಂಟಿದ ಪೀಡೆ ಇದು. ಅಕ್ಕ ಅರ್ಧ ಮಾತಿನಲ್ಲಿರುವಾಗ ಟುಂಯ್ ಎಂದೊಂದು ಸದ್ದು. ಆಮೇಲೆ ಏನೂ ಇಲ್ಲ.

“ಕಟ್ಟಾದ ಮೇಲೆ ನೀವೇ ವಾಪಸ್ ಮಾಡಬಹುದಿತ್ತಲ್ಲ?”

“ಎಷ್ಟು ಸಲ ಅಂತ ಮಾಡೋದು?” ಎಂದು ಗುಡುಗಿ ಮಾಸ್ತರು ಕಂಪನಿಗೇ ಫೋನ್ ಹಚ್ಚಿದರು.

“ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್,” ಎಂದಳು ಆ ಕಡೆಯ ಹುಡುಗಿ.

“ಮಾಡಿದೆ ಕಣಮ್ಮಾ. ಫೋನನ್ನೂ ಮಾಡಿದೆ. ಇನ್ನು ನನ್ನನ್ನೇ ಆಫ್ ಮಾಡಿ ಆನ್ ಮಾಡ್ಬೇಕು, ಅಷ್ಟೆ!”

“ಇಲ್ಲಿ ನೋಡಿದ್ರೆ ನಿಮ್ಮ ಲೈನ್ ಸರಿಯಾಗೇ ಇದೆ ಸರ್.”

“ಹಾಗಾದ್ರೆ ಅದನ್ನ ನಮ್ಮಕ್ಕನಿಗೆ ನೀವೇ ಹೇಳಿ!” ಸಿಟ್ಟು ನೆತ್ತಿಗೇರಿ ಅವರು ಬಾಗಿಲು ತೆಗೆದು ಮೆಟ್ಟಿಲ ಕಡೆ ನಡೆದರು. ಟುಂಯ್.

ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಪಾಪ, ಅವಳು ಮಾತಾಡ್ತಿರುವಾಗ್ಲೂ ಫೋನ್ ಇಟ್ರಾ? ಸ್ನೇಹಿತರ ಜೊತೆ ಗಂಟೆಗಟ್ಟಲೆ ಸೋಫಾದಲ್ಲಿ ಬಿದ್ಕೊಂಡು ಹರಟ್ತೀರಿ, ಒಂದ್ಸಲಾನೂ ಕಟ್ಟಾಗಲ್ಲ. ಅಮ್ಮನ ಮಾತು ಬಂದ ಕೂಡಲೇ ಎದ್ದು ಹೊಸ್ತಿಲು ದಾಟ್ತೀರಿ. ಅಲ್ಲಿ ವೈಫೈ ಎಲ್ಲಿ ಬರುತ್ತೆ?”

ಮಾಸ್ತರು ಹೊಸ್ತಿಲನ್ನು ನೋಡಿದರು, ಫೋನನ್ನು ನೋಡಿದರು. ಮುಖ ಅರಳಿತು. “ನೋಡಿದ್ಯಾ! ನಂದೇನೂ ತಪ್ಪಿಲ್ಲ! ಈಗಲೇ ಅವಳಿಗೆ ಹೇಳ್ತೀನಿ.” ಮೋಡೆಮ್ಮಿನ ಪಕ್ಕಕ್ಕೆ ಕುರ್ಚಿ ಎಳೆದು ಕೂತರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ವೈಫೈ, ಹೊಸ್ತಿಲು, ಕಂಪನಿಯವರ ದರಿದ್ರ ಸೇವೆ, ಎಲ್ಲವನ್ನೂ ಅಕ್ಕನಿಗೆ ಬಿಡಿಸಿ ಹೇಳಿದರು. “ಸುಮ್‌ಸುಮ್ನೆ ನನ್ನ ಮೇಲೆ ಗೂಬೆ ಕೂರಿಸಿದೆಯಲ್ಲ ಅಕ್ಕಾ!”

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಪಕ್ಕದಲ್ಲೇ ಕೂತಿದ್ದಾಳೇನೋ ಎನ್ನುವಷ್ಟು ಸ್ಪಷ್ಟವಾಗಿತ್ತು ಅವಳ ಉಸಿರು. “ಆಯ್ತು, ಬೈದದ್ದು ತಪ್ಪಾಯ್ತು ಕಣೋ. ಈಗ ಕೂತಿದ್ದೀಯಲ್ಲ. ಹೇಳು, ಭಾನುವಾರ ಅಮ್ಮನ್ನ ಕರ್ಕೊಂಡು ಬರ್ಲಾ?”

ಮಾಸ್ತರು ಅರ್ಧ ಎದ್ದರು. ಹೆಂಡತಿ ಬಾಗಿಲ ಬಳಿಯೇ ನಿಂತಿದ್ದಳು. ಮತ್ತೆ ಕೂತರು. ಕಲಿಯುವವರ ಪಕ್ಕದ ಸೀಟಿನಲ್ಲಿ ದಿನವಿಡೀ ಬ್ರೇಕಿನ ಮೇಲಿರುವ ಅವರ ಬಲಗಾಲು ಮೇಜಿನ ಕೆಳಗೆ ಬರಿಯ ನೆಲವನ್ನು ಒತ್ತಿ ಹಿಡಿಯಿತು. ಮೋಡೆಮ್ಮಿನ ಹಸಿರು ದೀಪಗಳು ಒಂದೂ ಮಿಣುಕದೆ ಉರಿಯುತ್ತಿದ್ದವು.

“ಹಲೋ?” ಎಂದಳು ಅಕ್ಕ. “ಹಲೋ? ಮತ್ತೆ ಕಟ್ಟಾಯ್ತೇನೋ?”

ಹೆಂಡತಿ ಗಂಡನ ಮುಖವನ್ನೇ ನೋಡುತ್ತ ಮೇಜಿನ ಹತ್ತಿರ ಬಂದಳು. ಫೋನಿನ ಕಡೆ ಬಾಗಿದಳು.

“ಇಲ್ಲ ಅತ್ತಿಗೆ. ಲೈನ್ ಸರಿಯಾಗೇ ಇದೆ.”