ನೂರು ಮುಟ್ಟದ ಲೆಕ್ಕ

“ಸಾವ್ಕಾರ್ರ, ಈ ಕಂಪ್ಯೂಟರ್ ದಿನಾ ಯಾರು ಮುಟ್ಟತಾರ?” ಕುಬೇರ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

ಬೀಜ ಗೊಬ್ಬರದ ಅಂಗಡಿಯ ಅಂದಾನೆಪ್ಪ ಮಗಳ ಮಂಚದ ತುದಿಗೆ ಕುಳಿತಿದ್ದ. “ನಾನ. ಬ್ಯಾರೆ ಯಾರನ್ನೂ ಈ ಖೋಲಿ ಒಳಗ ಬಿಟ್ಟಿಲ್ಲ. ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ ಮೌಸ್ ಅಲ್ಲಾಡಿಸಿ ಎಷ್ಟಾಗೇತಿ ಅಂತ ನೋಡ್ತೇನಿ. ಅಷ್ಟ.”

ಕುಬೇರ ಮುಂಡಗೋಡದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕಲಿಸುವವನು. ಅಂದಾನೆಪ್ಪನ ಮಗಳು ಸುಮಿತಾ ಅವನಲ್ಲೇ ಕಲಿತವಳು. ಅವಳು ಕಾಲೇಜು ಬಿಟ್ಟು ಹಾಸಿಗೆ ಹಿಡಿದ ಮೇಲೆ ಬೇಸರ ಕಳೆಯಲೆಂದು ಈ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟವನೂ ಅವನೇ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಎಲ್ಲಿಯೋ ಕುಳಿತ ವಿಜ್ಞಾನಿಗಳು ಔಷಧ ಹುಡುಕಲು ದೊಡ್ಡ ದೊಡ್ಡ ಲೆಕ್ಕ ಮಾಡಬೇಕಂತೆ. ಅದನ್ನು ತುಂಡು ತುಂಡು ಮಾಡಿ ಇಂಟರ್‌ನೆಟ್ಟಿನಲ್ಲಿ ಮನೆಮನೆಗೆ ಕಳಿಸುತ್ತಾರೆ. ಮನೆಯ ಕಂಪ್ಯೂಟರು ಸುಮ್ಮನಿದ್ದ ಹೊತ್ತಿನಲ್ಲಿ ತನ್ನ ಪಾಲಿನ ತುಂಡನ್ನು ಮಾಡಿ ಮುಗಿಸಿ ಹಿಂದಕ್ಕೆ ಕಳಿಸುತ್ತದೆ. ಪುಕ್ಕಟೆ ಸೇವೆ. “ನಾನಂತೂ ಮಕ್ಕೊಂಡೇನಿ, ಇದಾದ್ರೂ ದುಡೀಲಿ,” ಎಂದು ಸುಮಿತಾ ನಕ್ಕಿದ್ದಳು.

ಸಾಯುವ ಮುನ್ನಾದಿನ ಅವಳು ತಂದೆಗೆ ಹೇಳಿದ್ದೂ ಅದರ ಮಾತನ್ನೇ: “ಅಪ್ಪಾ, ನೂರು ಆಗೂತನಕ ಆರಿಸಬ್ಯಾಡ್ರಿ.” ಮರುದಿನ ಮಣ್ಣು ಕೊಟ್ಟು ಬಂದು ಅಂದಾನೆಪ್ಪ ಪರದೆ ನೋಡಿದಾಗ ನೂರಕ್ಕೆ ಎಪ್ಪತ್ನಾಲ್ಕು ಆಗಿತ್ತು. ಬೆಳಗಾಗೆದ್ದು ನೋಡಿದರೆ ಎಂಟು. ಕರೆಂಟು ಹೋಗಿರಬೇಕೆಂದುಕೊಂಡು ಹುಬ್ಬಳ್ಳಿಯಿಂದ ಬ್ಯಾಟರಿ ತರಿಸಿದ. ಆಮೇಲೂ ಅದು ಹತ್ತಕ್ಕೆ ಏರಿ ಸೊನ್ನೆಗೆ ಬರುತ್ತಿತ್ತು, ಒಂಬತ್ತಕ್ಕೆ ಏರಿ ಸೊನ್ನೆಗೆ. ಹೀಗೇ ಎರಡು ತಿಂಗಳಾಯಿತು. ಕೊನೆಗೆ ಇವತ್ತು ತಾನೇ ಹೋಗಿ ಕುಬೇರನನ್ನು ಕರೆತಂದಿದ್ದ.

ಕುಬೇರ ಮೌಸಿನಿಂದ ಕೈ ತೆಗೆದ. “ಈ ಲೆಕ್ಕ ನಡುವ ಎಲ್ಲೂ ಉಳಿಸಿಕೊಳ್ಳೂದಿಲ್ರಿ. ಸುರು ಆತಂದ್ರ ಒಂದ ದಮ್ಮಿಗೆ ಮುಗೀಬೇಕು. ಯಾರರ ಮೌಸ್ ಮುಟ್ಟಿದ್ರ, ಮನಿಯವ್ರಿಗೆ ಏನೋ ಕೆಲಸ ಐತಿ ಅಂತ ತಾನ ಬದಿಗೆ ಸರೀತೈತಿ. ಅಲ್ಲೀತನಕ ಮಾಡಿದ್ದೆಲ್ಲಾ ಮರೀತೈತಿ. ಮತ್ತ ಮೊದಲಿಂದ.”

“ಅಂದ್ರ ನಾ ನೋಡಿದಾಗೆಲ್ಲಾ…”

“ಹೂಂನ್ರಿ.”

“ಸುಮಿತಾಗ ಇದು ಗೊತ್ತಿತ್ತೇನು?”

“ಗೊತ್ತಿತ್ರಿ. ಅದಕ್ಕ ಅಕಿ ಅದು ನಡದಾಗ ಕೈ ಹಚ್ಚತಿರಲಿಲ್ಲ.”

“ಮರೀದಂಗ ಮಾಡಾಕ ಬರೂದಿಲ್ಲೇನು ತಮ್ಮಾ?”

“ಬರ್ತೈತ್ರಿ. ಬದಿಗೆ ಸರಿದ್ರೂ ನೆನಪಿನ್ಯಾಗ ಇಟ್ಕೋ ಅಂತ ಇಲ್ಲೊಂದು ಸಣ್ಣ ಮನಿ ಐತಿ ನೋಡ್ರಿ, ಇದಕ್ಕೊಂದು ಗುರುತು ಹಾಕಿದ್ರ ಆತು.” ಕುಬೇರ ಒತ್ತಿದ. ಪುಟ್ಟ ಚೌಕದೊಳಗೆ ಒಂದು ಗೀರು ಮೂಡಿತು.

“ಇಷ್ಟ?”

“ಇಷ್ಟರೀ.”

“ಆ ಎಪ್ಪತ್ನಾಲ್ಕು?”

“ಅದು ಹೋತ್ರಿ. ಅದನ್ನ ಮುಗಿಸಿ ಕಳಸೂ ಗಡುವೂ ಮುಗದೈತಿ. ಆ ತುಂಡು ಇಷ್ಟೊತ್ತಿಗೆ ಬ್ಯಾರೆ ಯಾರೋ ಮಾಡಿ ಮುಗಿಸಿರ್ತಾರ.”

ಮತ್ತೆ ಮೊದಲಿನಿಂದ. ಈ ಮಾತನ್ನು ಅಂದಾನೆಪ್ಪ ಡಾಕ್ಟರ ಬಾಯಿಂದಲೂ ಕೇಳಿದ್ದ. ಊರಿಗೆಲ್ಲ ಕಾಮಾಲೆ ಎಂದು ಹೇಳಿಕೊಂಡು ಬಂದ ಮಗಳ ರೋಗ, ಕ್ಷಯ. ಅಂಗನವಾಡಿಯ ಮಾಲವ್ವ ವಾರಕ್ಕೆ ಮೂರು ಸಲ ಬಂದು, ಕಣ್ಣೆದುರೇ ಗುಳಿಗೆ ನುಂಗಿಸಿ ಹೋಗುತ್ತಿದ್ದಳು. ಎರಡು ತಿಂಗಳಿಗೇ ಕೆಮ್ಮು ನಿಂತು ಹುಡುಗಿಯ ಕೆನ್ನೆ ತುಂಬಿತು. ಅಷ್ಟರಲ್ಲಿ ಹಳಿಯಾಳದ ಒಂದು ಮನೆಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಮಾಲವ್ವ ಈ ಮನೆಗೆ ಯಾಕೆ ಬರುತ್ತಾಳೆಂದು ಓಣಿಗೆ ತಿಳಿದರೆ ಸಂಬಂಧ ಮುರಿದಂತೆಯೇ. ಅಂದಾನೆಪ್ಪ ಅವಳನ್ನು ಬಾಗಿಲಲ್ಲೇ ತಡೆದು, “ಮಗಳು ಇಂದೂರ ಹಳ್ಳಿಗೆ, ಅವರ ಸ್ವಾದರತ್ತಿ ಮನಿಗೆ ಹೋಗ್ಯಾಳ. ಗುಳಿಗಿ ಅಲ್ಲೇ ತಗೋತಾಳ, ನೀ ಇನ್ನ ಬರೂದು ಬ್ಯಾಡ,” ಎಂದುಬಿಟ್ಟ. ಒಳಗಿನ ಖೋಲಿಯಲ್ಲಿ ಸುಮಿತಾ ಉಸಿರು ಬಿಗಿಹಿಡಿದು ಕುಳಿತಿದ್ದಳು. ಬಾಗಿಲ ಹಿಂದೆ ಅವಳ ತಾಯಿ ಶಂಕ್ರವ್ವ ನಿಂತಿದ್ದಳು.

ಹಳಿಯಾಳದವರು ಬಂದರು, ಅವಲಕ್ಕಿ ತಿಂದು ಹೋದರು, ತಿರುಗಿ ಮಾತು ಕಳಿಸಲಿಲ್ಲ. ಕೆಮ್ಮು ಮಾತ್ರ ತಿರುಗಿ ಬಂತು. ಡಾಕ್ಟರು ಗುಳಿಗೆಯನ್ನು ಮೊದಲಿನಿಂದ ಶುರು ಮಾಡಿಸಿದರು. ಈ ಸಲ ಗುಳಿಗೆ ತಾಗಲಿಲ್ಲ; ನಡುವೆ ಬಿಟ್ಟಿದ್ದಕ್ಕೆ ರೋಗ ಗಟ್ಟಿಯಾಗಿದೆ ಎಂದರು. ಸುಮಿತಾ ಇಪ್ಪತ್ತೊಂದು ಮುಟ್ಟಲಿಲ್ಲ.

ಶಂಕ್ರವ್ವ ಚಹಾ ತಂದಳು. ಎರಡು ತಿಂಗಳಿಂದ ಅವಳು ಗಂಡನೊಡನೆ ಊಟಕ್ಕೆ ಬರ್ರಿ, ನೀರು ಕಾದಾವು ಎಂಬುದರಾಚೆ ಮಾತಾಡಿದ್ದಿಲ್ಲ. ಇವತ್ತೂ ಕುಬೇರನನ್ನೇ ಕೇಳಿದಳು, “ಏನಾಗಿತ್ತಪಾ ಅದಕ್ಕ?”

ಕುಬೇರ ಅಂದಾನೆಪ್ಪನ ಮುಖ ನೋಡಿದ. “ಕರೆಂಟಿನ ಕಾಟರೀ ಅವ್ವಾರ, ಬ್ಯಾರೇನಿಲ್ಲ. ಈಗ ಸರಿ ಮಾಡೇನಿ.”

“ಕರೆಂಟ್ ಅಲ್ಲ,” ಎಂದ ಅಂದಾನೆಪ್ಪ. “ನಾನ ಕೆಡಿಸಿದೆ.”

ಶಂಕ್ರವ್ವ ಪರದೆಯ ಕಡೆ ತಿರುಗಲಿಲ್ಲ. ಗಂಡ ಚಾಚಿದ ಕೈಗೆ ಕೊಡದೆ, ಕಪ್ಪನ್ನು ನೆಲದ ಮೇಲಿಟ್ಟಳು.

“ಗೊತ್ತೈತಿ,” ಎಂದಳು.