ಆನೆಯ ನಾಲ್ಕು ಕುರ್ಚಿ

ಇಪ್ಪತ್ತನೆಯ ಸಲವೂ ಆನೆ ಸೊಳ್ಳೆಯ ಕೈಯಲ್ಲಿ ಸೋತು ಬೂದಿಯಾಯಿತು. ಕಚೇರಿಗೆಲ್ಲ ಅಕ್ಕ ಅನ್ನಿಸಿಕೊಂಡ ಪರೀಕ್ಷಕಿ ಹಣೆಯ ಬೆವರು ಒರೆಸಿಕೊಂಡಳು.

ಆನೆ ಅಂದರೆ ಆ ಕಂಪನಿಯ ಆನ್‌ಲೈನ್ ಆಟದಲ್ಲಿ ಅಂತರಿಕ್ಷದಲ್ಲಿ ಕಾದಾಡುವ ದೊಡ್ಡ ನೌಕೆ. ಓಡಿಸಲು ಒಬ್ಬರು, ಎರಡು ಫಿರಂಗಿಗೆ ಇಬ್ಬರು, ಗುರಾಣಿಗೆ ಒಬ್ಬರು, ಹೀಗೆ ನಾಲ್ವರು ಕೂಡಿ ಆಡಬೇಕಾದದ್ದು. ಸೊಳ್ಳೆ ಒಬ್ಬರೇ ಆಡುವ ಪುಟ್ಟ ನೌಕೆ. ಎರಡನ್ನೂ ಹೊಡೆದಾಡಿಸಿ ಬಲ ತೂಗಿ ನೋಡುವುದು ಪರೀಕ್ಷಾ ವಿಭಾಗದ ಕೆಲಸ. ವಿಭಾಗ ಅಂದರೆ ಈಗ ಅಕ್ಕ ಒಬ್ಬಳೇ. ಜೊತೆಯ ಮೂವರನ್ನು ಕಳೆದ ತಿಂಗಳು ಮನೆಗೆ ಕಳಿಸಿದ್ದರು. ಅಂದಿನಿಂದ ಆಕೆ ನಾಲ್ಕು ಕಂಪ್ಯೂಟರುಗಳ ನಡುವೆ, ಕೂತ ಕುರ್ಚಿಯ ಸಮೇತ ಅತ್ತಿಂದಿತ್ತ ಉರುಳುತ್ತ, ಆನೆಯ ನಾಲ್ವರೂ ತಾನೇ ಆಗಿದ್ದಳು. ಆನೆ ಸೋಲದೆ ಇನ್ನೇನಾದೀತು? ನೆಲದ ಹಾಸಿನ ಮೇಲೆ ಕುರ್ಚಿಯ ಚಕ್ರದ ಗೆರೆಗಳು ಮೂಡಿಬಿಟ್ಟಿದ್ದವು.

ಮ್ಯಾನೇಜರ್ ಕಾಗದ ಹಿಡಿದು ಒಳಗೆ ಬಂದ. ಗೋಡೆಯ ಬಳಿ ಕೂತು ಸೊಳ್ಳೆ ಹಾರಿಸುತ್ತಿದ್ದ ಹುಡುಗನಿಗೆ ಎಲ್ಲರೂ ತಕ್ಕಡಿ ಅನ್ನುತ್ತಿದ್ದರು. ನೌಕೆಗಳ ಬಲದ ಅಂಕಿ ಏರಿಸಿ ಇಳಿಸುವವನು ಅವನೇ.

"ತಕ್ಕಡಿ, ಆನೆಗೆ ಬಲ ಸಾಲ್ದು. ಗುರಾಣಿ ದುಪ್ಪಟ್ಟು ಮಾಡು, ಸಂಜೆ ಐದಕ್ಕೆ ಹೊಸ ಆನೆ ಆಟಗಾರರಿಗೆ ಹೋಗ್ಬೇಕು. ಅಕ್ಕ, ನೀವು ವರದಿಗೆ ಒಂದು ಸಹಿ ಹಾಕ್ಬಿಡಿ."

ವರದಿಯಲ್ಲಿ 'ಆನೆಯಲ್ಲಿ ಆಡಿದವರು' ಎಂಬಲ್ಲಿ 'ನಾಲ್ಕು' ಎಂದು ಮೊದಲೇ ಅಚ್ಚಾಗಿತ್ತು. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

"ಹಾಕಲ್ಲ ಸಾರ್. ಆನೆಗೆ ಏನೂ ಆಗಿಲ್ಲ, ಒಳಗೆ ಜನ ಇಲ್ಲ ಅಷ್ಟೆ. ನಾನು ಗುರಾಣಿ ಎತ್ತೋಕೆ ಹೋದ್ರೆ ಫಿರಂಗಿ ಸುಮ್ನಿರುತ್ತೆ, ಫಿರಂಗಿಗೆ ಬಂದ್ರೆ ಗುರಾಣಿ ಬಿದ್ದಿರುತ್ತೆ. ನೀವು ಗುರಾಣಿ ದುಪ್ಪಟ್ಟು ಮಾಡಿ, ನಾಳೆ ನಿಜವಾಗ್ಲೂ ನಾಲ್ಕು ಜನ ಸ್ನೇಹಿತರು ಕೂತು ಆಡಿದ್ರೆ, ಒಂಟಿಯಾಗಿ ಆಡೋರ ಗತಿ ಏನು? ಕೆಲಸ ಮುಗಿಸಿ ಅರ್ಧ ಗಂಟೆ ಆಡೋಣ ಅಂತ ಕೂತೋರು ಬಂದ ಹಾಗೇ ಸಾಯ್ತಾರೆ. ಮತ್ತೆ ಈ ಕಡೆ ತಲೆ ಹಾಕಲ್ಲ."

"ನೀವು ಸ್ವಲ್ಪ ಚುರುಕಾಗಿ ಆಡಿದ್ರೆ ಎಲ್ಲ ಸರಿಹೋಗುತ್ತೆ. ಮುಂದಿನ ವಾರ ನಿಮ್ಮ ಕರಾರು ಮುಗಿಯುತ್ತೆ, ನೆನಪಿರಲಿ."

ಅಕ್ಕನಿಗೆ ಹೆದರಿಕೆಯೇನೋ ಆಯಿತು. ಮನೆಯಲ್ಲೂ ದುಡಿಯುವವಳು ಅವಳೊಬ್ಬಳೇ. ಆದರೆ 'ಚುರುಕು' ಅನ್ನುವ ಮಾತು ಮೈಯೆಲ್ಲ ಉರಿಸಿತು. ಎದ್ದು ನಿಂತು, ಕುರ್ಚಿಯನ್ನು ಮ್ಯಾನೇಜರನತ್ತ ನೂಕಿದಳು.

"ಹಾಗಾದ್ರೆ ಚುರುಕು ಅಂದ್ರೇನು ಅಂತ ನೀವೇ ತೋರಿಸಿಕೊಡಿ. ಒಂದೇ ಆಟ. ಆನೆ ಗೆದ್ರೆ ಕಣ್ಮುಚ್ಕೊಂಡು ಸಹಿ ಹಾಕ್ತೀನಿ. ತಕ್ಕಡಿ, ಸಾರ್ ಅಂತ ದಾಕ್ಷಿಣ್ಯ ಬೇಡ ಕಣೋ."

ತಕ್ಕಡಿ ಸೊಳ್ಳೆಯನ್ನು ಅಣಿಮಾಡಿದ. ಮ್ಯಾನೇಜರ್ ಕೋಟು ಬಿಚ್ಚಿ, ತೋಳು ಮಡಚಿ ಕೂತ. ಆನೆಯನ್ನು ಚೆನ್ನಾಗಿಯೇ ಹೊರಡಿಸಿದ. ಸೊಳ್ಳೆ ಬೆನ್ನಿಗೆ ಬಂತು. ಫಿರಂಗಿಯ ಮೇಜಿಗೆ ಉರುಳಿ ಎರಡು ಗುಂಡು ಹೊಡೆಯುವಷ್ಟರಲ್ಲಿ, ಹಿಡಿಯುವವರಿಲ್ಲದ ಆನೆ ನೆಟ್ಟಗೆ ತೇಲುವ ಬಂಡೆಯೊಂದಕ್ಕೆ ಮೂತಿ ತೂರಿಸಿತು. ಅತ್ತ ಓಡಿದರೆ ಇತ್ತ ಗುರಾಣಿ ಹೋಯಿತು. ಇತ್ತ ತಿರುಗಿದರೆ ಕುರ್ಚಿಯ ಚಕ್ರಕ್ಕೆ ವೈರು ಸುತ್ತಿಕೊಂಡಿತು. ಒಂದು ಕೈ ಮೂರನೆಯ ಮೇಜಿನ ಮೇಲೆ, ಇನ್ನೊಂದು ನಾಲ್ಕನೆಯದಕ್ಕೆ ಎಟುಕದೆ ಗಾಳಿಯಲ್ಲಿ ಚಾಚಿಕೊಂಡಿರುವಾಗಲೇ ಆನೆ ಬೂದಿಯಾಯಿತು. ನಲವತ್ತು ಸೆಕೆಂಡು.

"ಇದೇನು ಒಬ್ಬರ ಕೈಲಾಗೋ ಕೆಲಸಾನಾ?" ಮ್ಯಾನೇಜರ್ ರೇಗಿದ. "ಇನ್ನೂ ಮೂರು ಜನ ಬೇಕು ಇದಕ್ಕೆ."

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆಯಿತು. ಮುಖ ಹುಳ್ಳಗಾಯಿತು.

ಅಕ್ಕ ವರದಿ ಎಳೆದುಕೊಂಡು 'ನಾಲ್ಕು' ಹೊಡೆದುಹಾಕಿ 'ಒಂದು' ಎಂದು ಬರೆದಳು. ಷರಾದ ಜಾಗದಲ್ಲಿ ಅವನ ಎರಡೂ ಮಾತನ್ನು ಅಕ್ಷರ ಬಿಡದೆ ಇಳಿಸಿ, ಕೆಳಗೆ ತನ್ನ ಸಹಿ ಹಾಕಿ, ಪೆನ್ನು ಅವನತ್ತ ಚಾಚಿದಳು.

"ಈಗ ನಿಮ್ಮದೊಂದು ಸಹಿ ಸಾರ್. ನೀವೇ ಹೇಳಿದ್ದು."

"ನೀವು ಕೆಲಸ ಕಳ್ಕೊಳ್ತೀರಿ."

"ಯಾವ ಕೆಲಸ ಸಾರ್? ನನ್ನ ಹತ್ರ ನಾಲ್ಕಿವೆ."

ತಕ್ಕಡಿ ಗುರಾಣಿಯ ಅಂಕಿ ಮುಟ್ಟದೆ, ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಅಕ್ಕ ಬಾಗಿಲ ಬಳಿಯಿದ್ದ, ಚಕ್ರವಿಲ್ಲದ ಮರದ ಕುರ್ಚಿಯೊಂದನ್ನು ಎತ್ತಿ ತಂದು ಮೊದಲ ಮೇಜಿನ ಮುಂದೆ ಊರಿ ಕೂತಳು. ಹೊಸ ಆಟ ತೆರೆದುಕೊಂಡಿತು. ಉಳಿದ ಮೂರು ಪರದೆಗಳಲ್ಲಿ ಒಂದೇ ಸಾಲು ಮಿನುಗತೊಡಗಿತು: 'ಆಟಗಾರರಿಗಾಗಿ ಕಾಯಲಾಗುತ್ತಿದೆ.'